ಬಾಯಾರದ ಪೀಪಾಯಿ

"ಅಜ್ಜ, ಮರ ಕುಡಿಯದೆ ಇರ್ತದಾ?"

ನುಸೈಬಾ ಕೇಳಿದ್ದು ಎಷ್ಟು ಮೆಲ್ಲಗೆ ಎಂದರೆ, ಮೇದಪ್ಪ ಗೌಡರು ಕಿವಿಗೆ ಅಂಗೈ ಒಡ್ಡಬೇಕಾಯಿತು. "ಎಂತ? ಜೋರು ಹೇಳು ಮಾರಾಯ್ತಿ. ಇಲ್ಲಿ ಕೇಳುದು ಪೀಪಾಯಿಗಳು ಮಾತ್ರ."

"ಮರ ವೈನ್ ಕುಡಿಯದೆ ಇರ್ತದಾ ಅಂತ."

"ಕುಡಿಯದೆ! ಈ ಮನೆಯಲ್ಲಿ ನನಗಿಂತ ಜಾಸ್ತಿ ಕುಡಿಯುದು ಈ ಹೆಬ್ಬಲಸಿನ ಹಲಗೆಗಳೇ."

ಹಿಂದೆ ಟಾರ್ಚ್ ಹಿಡಿದು ನಿಂತಿದ್ದ ಮೊಮ್ಮಗ ಭವಿತ್ ಕಿಸಕ್ಕೆಂದ. "ಅಜ್ಜಿ ಹತ್ರ ಕೇಳಿದ್ರೆ ಬೇರೆ ಲೆಕ್ಕ ಹೇಳ್ತಾರೆ."

ಗುತ್ತಿಗಾರಿನ ಗುಡ್ಡದ ಬದಿಯನ್ನು ಕೊರೆದು ಕೆಂಪು ಮುರಕಲ್ಲಿನಲ್ಲಿ ಕಟ್ಟಿದ ಕೋಣೆ ಅದು. ಹೊರಗೆ ಎಪ್ರಿಲ್ ತಿಂಗಳ ಬಿಸಿಲು. ನಡುಬೆಟ್ಟು ಮನೆಯ ಅಂಗಳದ ಅರ್ಧಕ್ಕೆ ಮದುವೆ ಚಪ್ಪರ ಏಳುತ್ತಿತ್ತು. ಉಳಿದರ್ಧದಲ್ಲಿ ವಿಜಯಪುರದಿಂದ ಲಾರಿಯಲ್ಲಿ ಬಂದ ದ್ರಾಕ್ಷಿ ಚಾಪೆಯ ಮೇಲೆ ಸುಕ್ಕುಗಟ್ಟುತ್ತಿತ್ತು. ಚಪ್ಪರದವರು ದ್ರಾಕ್ಷಿ ಬಾಯಿಗೆ ಹಾಕಿಕೊಳ್ಳುವುದು, ಸೇವಂತಿಯಜ್ಜಿ ಒಳಗಿಂದಲೇ ಬೊಬ್ಬೆ ಹಾಕುವುದು, ಬೆಳಗ್ಗಿನಿಂದ ಇದೇ ನಡೆದಿತ್ತು.

ಯುದ್ಧದ ಕಾಲದಲ್ಲಿ ಮೇದಪ್ಪ ಗೌಡರ ಅಪ್ಪ ಬೆಂಗಳೂರಿನ ಸೆರೆಶಿಬಿರದ ಅಡುಗೆಮನೆಯಲ್ಲಿದ್ದರು. ಅಲ್ಲಿದ್ದ ಒಬ್ಬ ಇಟಲಿ ಸೈನಿಕ, ಊರಿನ ನೆನಪಿನಲ್ಲಿ ಅಳುತ್ತಳುತ್ತ, ಅವರಿಗೆ ವೈನ್ ಮಾಡುವುದನ್ನು ಕಲಿಸಿದ್ದ. ದ್ರಾಕ್ಷಿ ಒಣಗಿಸು, ಹಿಂಡು, ಮರದಲ್ಲಿ ತುಂಬು. ಆಮೇಲೆ ವರ್ಷಗಟ್ಟಲೆ ಕೈಕಟ್ಟಿ ಕೂತುಕೋ. ಆ ಮನೆತನಕ್ಕೆ ಕಷ್ಟವಾದದ್ದು ಕೊನೆಯ ಪಾಠ ಮಾತ್ರ.

ಆದರೂ ಕಲಿತರು. ಮನೆಯಲ್ಲಿ ಹೆಣ್ಣುಮಗು ಹುಟ್ಟಿದ ವರ್ಷ ಅವಳ ಹೆಸರಿನಲ್ಲಿ ಒಂದು ಪೀಪಾಯಿ ತುಂಬುತ್ತಾರೆ. ಅವಳ ಮದುವೆಯ ಹಿಂದಿನ ದಿನ, ಚಪ್ಪರದಡಿಯಲ್ಲಿ, ಗಂಡಿನ ಕಡೆಯವರ ಎದುರೇ ಅದನ್ನು ತೆರೆಯಬೇಕು. ಈಗ ಮದುಮಗಳಾದ ಮೊಮ್ಮಗಳು ಮೋಕ್ಷಿತಾಳ ಪೀಪಾಯಿಗೆ ಅವಳಷ್ಟೇ ವಯಸ್ಸು, ಇಪ್ಪತ್ತಾರು.

ಅದೇ ಮೋಕ್ಷಿತಾಳ ಹೆಸರಿನ ಒಂದು ಬಾಟಲಿ ಸೋಮವಾರ ಮಂಗಳೂರಿನ ಯಾವುದೋ ಪಾರ್ಟಿಯ ಮೇಜಿನ ಮೇಲೆ ಕಂಡಿತ್ತು. ಆ ದಿನ ಬಿರಡೆಯ ಮೇಲಿನ ಜೇನುಮೇಣ ಒಡೆದಿರಲಿಲ್ಲ, ತೆಗೆದು ನೋಡಿದರೆ ಪೀಪಾಯಿ ಬಾಯಿಮಟ್ಟ ತುಂಬಿತ್ತು. ಆದರೆ ಕಳೆದ ತಿಂಗಳು ಬಾಗಿಲಿನ ತಿರುಗಣೆ ಸರಿಮಾಡಲೆಂದು ಈ ಕೋಣೆಯ ಕೀ ಎರಡು ದಿನ ಹೊರಗಿನ ಒಬ್ಬನ ಕೈಯಲ್ಲಿತ್ತು. ಅವನೇ ನುಸೈಬಾಳ ಅಪ್ಪ, ಅವಳು ಉಪ್ಪ ಎಂದು ಕರೆಯುವ ಬಡಗಿ ರವೂಫ್. ಮೇದಪ್ಪ ಗೌಡರು ಅವನಿಗೆ ಹೇಳಿ ಕಳಿಸಿದ್ದು ಒಂದೇ ಮಾತು. ಮದುವೆ ಮುಗಿಯುವವರೆಗೆ ಬರುವುದು ಬೇಡ.

ಉಪ್ಪ ನಕ್ಕಿದ್ದರು. "ಒಳ್ಳೇದಾಯ್ತು, ಮೂವತ್ತು ವರ್ಷದಲ್ಲಿ ಮೊದಲ ರಜೆ." ಆದರೆ ಆ ದಿನ ತಟ್ಟೆಯ ಬಂಗುಡೆ ಮೀನು ಹಾಗೇ ಉಳಿಯಿತು. ಮೋಕ್ಷಿತಾ ಹಸೆಗೆ ಕೂರಲೆಂದು ಅವರು ಆರು ತಿಂಗಳು ಕೂತು ಕೆತ್ತಿದ ಮಣೆ ಹಳೆ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಮನೆಯ ಮೂಲೆಯಲ್ಲೇ ನಿಂತಿತು. ಚಪ್ಪರದ ದಿನಕ್ಕೆ ಇನ್ನು ಮೂರೇ ದಿನ. ಅಷ್ಟರೊಳಗೆ ಆ ಮಣೆಯನ್ನು ಉಪ್ಪ ತಾನೇ ಹೊತ್ತುಕೊಂಡು ಈ ಅಂಗಳಕ್ಕೆ ಬರಬೇಕು. ನುಸೈಬಾಳಿಗೆ ಬೇಕಾಗಿದ್ದದ್ದು ಅಷ್ಟೇ. ಅವಳು ಊರಿನ ಟೈಲರ್; ಮದುಮಗಳ ರವಿಕೆಯ ಅಳತೆ ಎಂಬುದು ಇಲ್ಲಿಗೆ ಬರಲು ಒಂದು ನೆಪ.

"ಪ್ರತಿ ವರ್ಷ ಮೇ ಕೊನೆಗೆ ಪತ್ತನಾಜೆಯ ದಿನ ನೀವು ಬಿರಡೆ ತೆಗೆದು ಎಲ್ಲ ಪೀಪಾಯಿಗೂ ಸ್ವಲ್ಪ ಸ್ವಲ್ಪ ತುಂಬಿಸ್ತೀರಲ್ಲ ಅಜ್ಜ?"

"ಮತ್ತೆ! ವರ್ಷಕ್ಕೆ ಎರಡು ಕುಡ್ತೆಯಾದ್ರೂ ಬೇಕು. ಮರಕ್ಕೆ ಬಾಯಾರಿಕೆ ಅಲ್ವಾ?"

"ಮೋಕ್ಷಿತಾಳದ್ದಕ್ಕೆ?"

ಮೇದಪ್ಪ ಗೌಡರ ಎದೆ ಉಬ್ಬಿತು. "ಎಂಟು ವರ್ಷದಿಂದ ಒಂದು ತೊಟ್ಟು ಕೇಳಲಿಲ್ಲ! ತುಂಬಿದ್ದು ತುಂಬಿದ ಹಾಗೇ ಉಂಟು. ಹುಡುಗಿಯ ಕೈಗುಣ ಅದು. ಆಲಂಕಾರಿನ ಗಂಡಿನ ಕಡೆಯವರಿಗೆ ಜಾತಕಕ್ಕಿಂತ ಮೊದಲು ನಾನು ಹೇಳಿದ್ದೇ ಇದನ್ನು." ಅವರು ಪೀಪಾಯಿಯ ಹೊಟ್ಟೆಗೆ ಅಂಗೈಯಿಂದ ಒಂದು ಕೊಟ್ಟರು. ದಪ್ ಎಂದು ಭಾರದ ಸದ್ದು ಬಂತು. "ಕೇಳಿತಾ? ಒಂಬತ್ತು ತಿಂಗಳ ಬಸುರಿ!"

ಪಕ್ಕದಲ್ಲಿದ್ದದ್ದು ಹೋದ ವರ್ಷ ಮದುವೆಯಾದ, ಮೇದಪ್ಪ ಗೌಡರ ತಂಗಿಯ ಮೊಮ್ಮಗಳ ಖಾಲಿ ಪೀಪಾಯಿ. ಭವಿತ್ ಅದಕ್ಕೂ ಬಡಿದು ನೋಡಿದ. ಟೊಣ್ ಎಂದಿತು. "ಇದು ಹೆತ್ತಾಯ್ತು," ಎಂದ.

ನುಸೈಬಾ ನಗಲಿಲ್ಲ. ಸೋಮವಾರದಿಂದ ಈ ಮನೆಯವರೆಲ್ಲ ಈ ಪೀಪಾಯಿಯಲ್ಲಿ ಬೆರಳದ್ದಿ ಚೀಪಿ ನೋಡಿದ್ದರು. ಎಲ್ಲರೂ ಕಣ್ಣು ಮುಚ್ಚಿ, ಅದೇ ರುಚಿ, ಅದೇ ವೈನು ಎಂದಿದ್ದರು. ಅವಳಿಗೆ ಅದು ಹರಾಮು. ಬೆರಳದ್ದುವ ಹಾಗಿಲ್ಲ. ಹಾಗಾಗಿ ಎರಡು ದಿನ ಅವಳು ಬರೀ ನೋಡುತ್ತ ನಿಂತಿದ್ದಳು. ಅಕ್ಕಪಕ್ಕದ ಹತ್ತು ಪೀಪಾಯಿ ಕುಡಿಯುತ್ತವೆ. ಒಂದೇ ಮರದ, ಒಂದೇ ಕೈ ಮಾಡಿದ ಹನ್ನೊಂದನೆಯದು ಕುಡಿಯುವುದಿಲ್ಲ. ಹಾಗಾದರೆ ಅದರ ಬಾಯಿಯ ಕೆಳಗೆ ಇರುವುದು ಮರ ಅಲ್ಲ.

ಅವಳು ಕೊರಳಿನಿಂದ ಅಳತೆಯ ಟೇಪು ತೆಗೆದು, ತುದಿಗೆ ಮೆಷಿನ್ನಿನ ಬಾಬಿನ್ ಕಟ್ಟಿ, ಭವಿತ್‌ಗೆ ಚಾಚಿದಳು. "ನಾನು ವೈನ್ ಮುಟ್ಟುದಿಲ್ಲ. ನೀವು ಇಳಿಸಿ."

ಮುಷ್ಟಿ ಹೋಗುವಷ್ಟು ಅಗಲದ ಬಾಯಿ. ಭವಿತ್ ಟೇಪು ಬಿಟ್ಟ. ಅದು ಕೆಂಪಿನಲ್ಲಿ ಮುಳುಗಿತು, ಸ್ವಲ್ಪ ಇಳಿಯಿತು, ಟಕ್ ಎಂದು ನಿಂತಿತು.

"ಎಷ್ಟು?"

"ಒಂಬತ್ತು ಇಂಚು." ಭವಿತ್ ಟೇಪು ಎತ್ತಿ ಮತ್ತೆ ಬಿಟ್ಟ. "ಒಂಬತ್ತೇ."

"ಪೀಪಾಯಿಯ ಆಳ ಎಷ್ಟು ಅಜ್ಜ?"

ಮೇದಪ್ಪ ಗೌಡರು ಪೀಪಾಯಿಯ ಪಕ್ಕಕ್ಕೆ ಬಂದು ನಿಂತು ನೋಡಿದರು. ಅವರ ಸೊಂಟದವರೆಗೆ ಬರುವ ಪೀಪಾಯಿ ಅದು.

ಭವಿತ್ ಬಾಯಿಯ ಅಂಚಿಗೆ ಉಗುರು ಸಿಕ್ಕಿಸಿ ಎಳೆದ. ಮೊದಲು ಒಂದು ಬಟ್ಟೆಯ ಅಂಚು, ಅದರ ಹಿಂದೆ ದಪ್ಪ ಬಿದಿರಿನ ತುದಿ ಕಂಡಿತು. ಒಂದು ಗಿಣ್ಣಿನ ಅಂಡೆ, ಬಿದಿರಿನ ಕೊಳವೆಯಂಥ ಪಾತ್ರೆ. ತಳಕ್ಕೆ ಗಿಣ್ಣೇ ಮುಚ್ಚಳ. ಅಲ್ಲಾಡದ ಹಾಗೆ ಬಾಯಿಗೆ ಬಟ್ಟೆ ಸುತ್ತಿ ಒತ್ತಿ ಕೂರಿಸಿದ್ದರು. ಮೇಲಿನಿಂದ ನೋಡಿದವರಿಗೆ ತುಂಬಿದ ಪೀಪಾಯಿ. ಬೆರಳದ್ದಿದವರಿಗೂ ತುಂಬಿದ ಪೀಪಾಯಿ.

"ಸಾಕು! ಎಳೀಬೇಡ!" ಮೇದಪ್ಪ ಗೌಡರು ಹೆಗಲಿನ ಬೈರಾಸು ಟವಲನ್ನು ಪೀಪಾಯಿಯ ಬಾಯಿಗೆ ಎಸೆದರು. "ಹುಡುಗಿಯ ಖಾಲಿ ಪೀಪಾಯಿ ಒಳಗೆ ಮದುವೆಗೆ ಮೊದಲು ಯಾರೂ ನೋಡ್ಬಾರ್ದು." ಹೇಳಿದವರೇ ಕೆಳಗೆ ಕಲ್ಲಿನ ಮೇಲೆ ಕುಸಿದು ಕೂತರು. "ಎಂಟು ವರ್ಷ ಒಂದು ಬಿದಿರಿನ ಅಂಡೆಗೆ ನಾನು ಕೈಮುಗಿದೆನಾ?"

ಭವಿತ್ ಟಾರ್ಚಿನ ಬೆಳಕನ್ನು ಬೇರೆಡೆಗೆ ತಿರುಗಿಸಿದ್ದನ್ನು ನುಸೈಬಾ ಗಮನಿಸಿದಳು. ಮಂಗಳೂರಿನ ಬಾಟಲಿಯ ಮೇಲಿದ್ದ ಚೀಟಿ ಅವನೇ ಮದುವೆಗೆಂದು ಅಚ್ಚು ಹಾಕಿಸಿದ್ದು. ಅದನ್ನು ಯಾರೂ ಇನ್ನೂ ಬಾಯಿಬಿಟ್ಟು ಹೇಳಿರಲಿಲ್ಲ.

"ಇದು ಮರದ ಕೆಲಸ ಗೊತ್ತಿದ್ದವನದ್ದೇ," ಎಂದರು ಮೇದಪ್ಪ ಗೌಡರು. ನುಸೈಬಾಳ ಮುಖ ನೋಡದೆ ಹೇಳಿದರು.

ಅವಳ ಕಿವಿ ಬಿಸಿಯಾಯಿತು. ಉಪ್ಪನನ್ನು ಉಳಿಸಲು ಹಾಕಿದ ಟೇಪು ಉಪ್ಪನ ಕುತ್ತಿಗೆಗೇ ಸುತ್ತಿಕೊಂಡಿತ್ತು. ಅಪರೂಪಕ್ಕೆ ಅವಳ ಸ್ವರ ಏರಿತು.

"ಅಜ್ಜ, ಬಿದಿರಿನ ಅಂಚು ನೋಡಿ. ಕತ್ತಿಯಲ್ಲಿ ಕಡಿದದ್ದು. ಹಲ್ಲುಹಲ್ಲಾಗಿ ಉಂಟು. ಉಪ್ಪ ಸೌದೆಯನ್ನೂ ಗರಗಸದಲ್ಲಿ ಕೊಯ್ಯುವ ಜನ. ಅದಕ್ಕೇ ಉಮ್ಮನ ಹತ್ರ ದಿನಾ ಬೈಸಿಕೊಳ್ಳುದು. ಮತ್ತೆ, ಪೀಪಾಯಿ ಖಾಲಿ ಮಾಡಿ ತೊಳೆದು ಕೊಟ್ರೆ ಮಾತ್ರ ಅವರು ರಿಪೇರಿ ಮಾಡುದು. ತುಂಬಿದ ಪೀಪಾಯಿ ಅವರು ಮುಟ್ಟುದಿಲ್ಲ ಅಂತ ನಿಮಗೇ ಗೊತ್ತುಂಟು."

ಮೇದಪ್ಪ ಗೌಡರು ತಲೆ ಎತ್ತಿದರು. ಎದ್ದು ಬೈರಾಸಿನ ಒಂದು ಬದಿ ಎತ್ತಿ ಆ ಅಂಚನ್ನು ನೋಡಿದರು.

ನುಸೈಬಾ ಬೈರಾಸಿನ ಅಂಚು ಸರಿಸಿ ಆ ಬಟ್ಟೆಯ ಚೂರನ್ನೇ ನೋಡಿದಳು. ವೈನ್ ಕುಡಿದು ಕಪ್ಪಾಗಿದ್ದರೂ ಅಂಚಿನಲ್ಲಿ ಹಸಿರು ಉಳಿದಿತ್ತು. ಹಸಿರಿನ ಮೇಲೆ ಹಳದಿ ಚುಕ್ಕಿ, ಸುತ್ತಲೂ ನೂಲಿನ ಕಟ್ಟು. ಮಡಿಚಿ ಹೊಲಿದ ಕಡೆ ನೂಲು ಒಮ್ಮೆ ಬಿಗಿ, ಒಮ್ಮೆ ಸಡಿಲ. ಕಲಿಯುವವರ ಹೊಲಿಗೆ.

ಅದು ಅವಳದೇ ಹೊಲಿಗೆ.

*

"ಕೈ ಎತ್ತಿ ಅಜ್ಜಿ."

"ಮದುವೆ ನನಗಾ ಅವಳಿಗಾ?" ಎನ್ನುತ್ತಲೇ ಸೇವಂತಿಯಜ್ಜಿ ಎರಡೂ ಕೈ ಎತ್ತಿದರು. ಬಲಗೈಯಲ್ಲಿ ಚಕ್ಕುಲಿ ಒರಳು ಹಾಗೇ ಇತ್ತು. ಹಿಂದಿನ ಜಗಲಿಯಲ್ಲಿ ಅವರಿಬ್ಬರೇ. ಎಣ್ಣೆ ಬಾಣಲೆ ಒಲೆಯ ಮೇಲೆ ಸಣ್ಣಗೆ ಸದ್ದು ಮಾಡುತ್ತಿತ್ತು.

"ನಿಮಗೂ ಹೊಸ ರವಿಕೆ ಬೇಡ್ವಾ?" ನುಸೈಬಾ ಬೇರೆ ಟೇಪನ್ನು ಬೆನ್ನಿಗೆ ಹಿಡಿದಳು. ಅಳತೆ ತೆಗೆಯುವಾಗ ಅವಳಿಗೆ ನಾಚಿಕೆ ಇರುವುದಿಲ್ಲ. ಯಾರ ಮುಖವನ್ನೂ ನೋಡಬೇಕಾಗಿಲ್ಲ. "ನಾನು ಶಾಲೆ ಬಿಟ್ಟ ವರ್ಷ ಹೊಲಿದು ಕೊಟ್ಟದ್ದು ನೆನಪುಂಟಾ? ಹಸಿರು, ಹಳದಿ ಚುಕ್ಕಿಯದ್ದು."

"ಮರೆಯುದುಂಟಾ! ಒಂದು ಕೈ ಮೊಣಕೈಗೆ, ಒಂದು ಕೈ ಭುಜಕ್ಕೆ. ನಿನ್ನ ಮೊದಲ ರವಿಕೆ ಅಂತ ಅದನ್ನು ಹಾಕ್ಕೊಂಡೇ ಸುಬ್ರಹ್ಮಣ್ಯಕ್ಕೆ ಹೋಗಿ ಬಂದೆ. ಬಸ್ಸಿನಲ್ಲಿ ಒಬ್ಬಳು ಕೇಳಿದ್ಲು, ಇದು ಹೊಸ ಫ್ಯಾಶನ್ನಾ ಅಂತ. ಹೌದು ಅಂದೆ."

ಇಬ್ಬರೂ ನಕ್ಕರು. ಅಜ್ಜಿಯ ಬೆನ್ನು ನಗುವಿಗೆ ಕುಣಿದು ಅಳತೆ ತಪ್ಪಿತು.

"ಆ ರವಿಕೆ ಈಗ ಎಲ್ಲುಂಟು ಅಜ್ಜಿ?"

ಬೆನ್ನು ನಿಂತಿತು.

"ಮೋಕ್ಷಿತಾಳ ಪೀಪಾಯಿಯ ಬಾಯಲ್ಲಿ ಉಂಟು," ಎಂದಳು ನುಸೈಬಾ. "ನನ್ನ ಹೊಲಿಗೆ ನನಗೆ ಗೊತ್ತಾಗದೆ ಇರ್ತದಾ?"

ಸೇವಂತಿಯಜ್ಜಿ ಮೆಲ್ಲನೆ ಕೈ ಇಳಿಸಿದರು. ಒರಳನ್ನು ಕೆಳಗಿಟ್ಟರು. ತಿರುಗಿದಾಗ ಅವರ ಮುಖದಲ್ಲಿ ಹೆದರಿಕೆಯಿರಲಿಲ್ಲ, ದೊಡ್ಡ ಹೊರೆ ಇಳಿಸಿದವರ ಸುಸ್ತು ಇತ್ತು.

"ಅಜ್ಜನಿಗೆ ಹೇಳಿದ್ಯಾ?"

"ಇಲ್ಲ. ಆದರೆ ಅಜ್ಜ ನನ್ನ ಉಪ್ಪನನ್ನು ಕಳ್ಳ ಅಂತ ತಿಳ್ಕೊಂಡಿದ್ದಾರೆ. ಉಪ್ಪ ಮೂರು ದಿನದಿಂದ ಸರಿ ಊಟ ಮಾಡಲಿಲ್ಲ. ಮಣೆ ಮಾಡಿ ಮೂಲೆಯಲ್ಲಿ ಇಟ್ಟಿದ್ದಾರೆ ಅಜ್ಜಿ."

"ಅಯ್ಯೋ ನನ್ನ ಮಗಳೇ!" ಅಜ್ಜಿ ಅವಳ ಎರಡೂ ಕೈ ಹಿಡಿದುಕೊಂಡರು. ಚಕ್ಕುಲಿ ಹಿಟ್ಟು ಮೊಣಕೈವರೆಗೆ ಅಂಟಿತು. "ಕೂತ್ಕೋ. ಎಲ್ಲ ಹೇಳ್ತೇನೆ. ಎಂಟು ವರ್ಷದ ಹಿಂದೆ ಒಂದು ಮಧ್ಯಾಹ್ನ ಒಂದು ಸಾರಿಗೆ ಒಂದು ಸೌಟು ವೈನ್ ಬೇಕಿತ್ತು. ಎಂತ ಸಾರು ಅಂತ ಕೇಳ್ಬೇಡ, ಅದು ನಿನ್ನ ಮುಂದೆ ಹೇಳುವ ಪದಾರ್ಥ ಅಲ್ಲ."

"ಕೇಳುದಿಲ್ಲ," ಎಂದಳು ನುಸೈಬಾ, ನಗು ತಡೆದು.

"ಹತ್ತಿರ ಸಿಕ್ಕಿದ್ದು ಮೋಕ್ಷಿತಾಳದ್ದು. ಬಿರಡೆ ತೆಗೆದು ಸೌಟು ಹಾಕ್ತೇನೆ, ಸೌಟು ಗಾಳಿಯಲ್ಲಿ ಆಡ್ತದೆ. ಉದ್ದದ ಕೋಲು ಹಾಕಿದೆ, ಕೋಲು ಒಣಗಿಯೇ ಬಂತು. ಖಾಲಿ! ಯಾರು ಕುಡಿದ್ರು, ಎಲ್ಲಿ ಹೋಯ್ತು, ದೇವರಿಗೆ ಗೊತ್ತು. ಮರುವಾರವೇ ಪತ್ತನಾಜೆ. ಇವರು ಬಿರಡೆ ತೆಗೆದ್ರೆ ಅಲ್ಲೇ ಎದೆ ಹಿಡ್ಕೊಂಡು ಬೀಳ್ತಿದ್ರು. ಹುಡುಗಿಗೆ ಆಗ ಹದಿನೆಂಟು. ಖಾಲಿ ಪೀಪಾಯಿಯ ಹುಡುಗಿ ಅಂತ ನೆಂಟರಲ್ಲಿ ಮಾತು ಬೇಕಾ?"

"ಹಾಗೆ ಬಿದಿರು ಕಡಿದ್ರಿ."

"ನಾನೇ ಕಡಿದೆ, ಕತ್ತಿಯಲ್ಲಿ. ಒಳಗೆ ಹಾಕಿದ್ದು ಬೇರೆ ಪೀಪಾಯಿಗಳಿಂದ ಒಂದೊಂದು ಸೌಟು ಕದ್ದದ್ದು. ಪ್ರತಿ ವರ್ಷ ಪತ್ತನಾಜೆಗೆ ಎರಡು ದಿನ ಮೊದಲು ಹೋಗಿ ಬಾಯಿಮಟ್ಟ ಮಾಡಿ ಬರ್ತೇನೆ. ಸೋಮವಾರವೂ ಇವರು ಬೆರಳು ಚೀಪಿ ಎಂತ ಹೇಳಿದ್ದು ಗೊತ್ತುಂಟಾ? 'ಇಪ್ಪತ್ತಾರು ವರ್ಷದ ರುಚಿಯೇ ಬೇರೆ!' ನಾನು ಆಚೆ ತಿರುಗಿ ಸೆರಗು ಕಚ್ಕೊಂಡೆ."

"ಮತ್ತೆ ಮದುವೆ ದಿನ? ಎಲ್ಲರೆದುರು ತೆರೆದಾಗ?"

"ತಲೆ ತಿರುಗಿ ಬೀಳುದು ಅಂತ ಮಾಡಿದ್ದೆ." ಅಜ್ಜಿ ಗಂಭೀರವಾಗಿಯೇ ಹೇಳಿದರು. "ದ್ರಾಕ್ಷಿ ಚಾಪೆ ಮೇಲೆ ಬಿದ್ರೆ ಪೆಟ್ಟಾಗುದಿಲ್ಲ. ಎರಡು ಸಲ ಅಭ್ಯಾಸ ಮಾಡಿಯೂ ನೋಡಿದೆ."

ಈ ಸಲ ನುಸೈಬಾಳಿಗೆ ತಡೆಯಲಾಗಲಿಲ್ಲ. ಶಾಲೆಯಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿ ಎಲ್ಲೂ ಜೋರಾಗಿ ನಗದವಳು ಬಾಯಿಗೆ ಶಾಲು ಒತ್ತಿಕೊಂಡು ಬಿದ್ದು ಬಿದ್ದು ನಕ್ಕಳು. ಅಜ್ಜಿಯೂ ನಕ್ಕರು. ಬಾಣಲೆಯ ಚಕ್ಕುಲಿ ಕಪ್ಪಾಯಿತು.

ನಗುತ್ತ ನಗುತ್ತ ಅಜ್ಜಿ ಆ ಕಪ್ಪು ಚಕ್ಕುಲಿಗಳನ್ನು ಎತ್ತಿ ಪಕ್ಕದ ಖಾಲಿ ಡಬ್ಬಕ್ಕೆ ಹಾಕಿದರು. ಡಬ್ಬ ಟೊಣ್ ಎಂದಿತು.

ನುಸೈಬಾಳ ನಗು ನಿಂತಿತು.

ಟೊಣ್ ಎಂದದ್ದು ಹೆತ್ತ ಪೀಪಾಯಿ. ಮೋಕ್ಷಿತಾಳದ್ದು ದಪ್ ಎಂದಿತ್ತು. ಒಂದು ಅಂಡೆ ವೈನಿಗೆ ಅಷ್ಟು ದೊಡ್ಡ ಹೊಟ್ಟೆ ಹಾಗೆ ಸದ್ದು ಮಾಡುವುದಿಲ್ಲ.

"ಅಜ್ಜಿ, ನೀವು ಕೊನೆಯ ಸಲ ಆ ಬಿದಿರನ್ನು ಹೊರಗೆ ತೆಗೆದದ್ದು ಯಾವಾಗ?"

"ತೆಗೆಯುದ್ಯಾಕೆ? ಎಂಟು ವರ್ಷದ ಹಿಂದೆ ಒತ್ತಿ ಕೂರಿಸಿದ್ದು. ಮೇಲಿನಿಂದ ಹೊಯ್ಯುದು ಮಾತ್ರ."

"ಬಟ್ಟೆಗೆ ನೂಲು ಕಟ್ಟಿದ್ರಾ?"

"ನೂಲಾ? ಎಂತ ನೂಲು? ಬರೀ ಸುತ್ತಿ ಒತ್ತಿದ್ದು."

*

"ಬಿದಿರನ್ನು ಪೂರ್ತಿ ಎಳೀರಿ," ಎಂದಳು ನುಸೈಬಾ, ಪೀಪಾಯಿಯ ಕೋಣೆಗೆ ಮರಳಿ ಭವಿತ್‌ಗೆ.

ಮೇದಪ್ಪ ಗೌಡರು ಅಡ್ಡ ಬಂದರು. "ಬೇಡ ಅಂದೆನಲ್ಲ! ಖಾಲಿಯನ್ನು ನೋಡಿ ಎಂತ ಮಾಡುದು?"

"ಒಂದು ಸಲ ಬಡಿದು ನೋಡಿ ಅಜ್ಜ. ಬೆಳಗ್ಗೆ ಬಡಿದ ಹಾಗೆ."

ಅವರು ಬಡಿದರು. ದಪ್. ತಿರುಗಿ ಪಕ್ಕದ್ದಕ್ಕೆ ಬಡಿದರು. ಟೊಣ್. ಮತ್ತೆ ಇದಕ್ಕೆ ಬಡಿದರು. ಅವರ ಬಾಯಿ ತೆರೆದೇ ಉಳಿಯಿತು. ಭವಿತ್ ಕಾಯಲಿಲ್ಲ. ಬಿದಿರನ್ನು ಎರಡೂ ಕೈಯಿಂದ ಎಳೆದು ಕೆಳಗಿಟ್ಟು, ಟೇಪು ಬಿಟ್ಟ.

ಹತ್ತು ಇಂಚು. ಇಪ್ಪತ್ತು. ಮೂವತ್ತು. ಮೂವತ್ತಮೂರರಲ್ಲಿ ಬಾಬಿನ್ ಮೆತ್ತಗೆ ತಳ ಮುಟ್ಟಿತು. ಮೇಲೆ ಬಂದ ಟೇಪು ಅಷ್ಟುದ್ದವೂ ಕೆಂಪು.

"ತುಂಬಿ ಉಂಟು!" ಭವಿತ್ ಕೂಗಿದ ಸದ್ದಿಗೆ ಚಪ್ಪರದವರು ಏಣಿ ಬಿಟ್ಟು ಓಡಿ ಬಂದರು. "ಅಜ್ಜ, ತುಂಬಿ ಉಂಟು!"

ಮದುಮಗಳು ಮೋಕ್ಷಿತಾ ಒಂದು ಕಿವಿಯ ಜುಮುಕಿಯಲ್ಲೇ ಓಡಿ ಬಂದಳು. ಮೇದಪ್ಪ ಗೌಡರು ಬೆರಳದ್ದಿ ಚೀಪಿದರು. ಕಣ್ಣಲ್ಲಿ ನೀರು. "ಇದೇ! ಇಪ್ಪತ್ತಾರು ವರ್ಷದ ರುಚಿಯೇ ಬೇರೆ!" ಬಾಗಿಲಲ್ಲಿ ನಿಂತ ಸೇವಂತಿಯಜ್ಜಿಗೆ ಕೆಮ್ಮು ಹತ್ತಿತು. ಆದರೆ ಅವರ ಕಣ್ಣು ನುಸೈಬಾಳನ್ನು ಹುಡುಕಿ, ಇದು ಹೇಗೆ ಎಂದು ಕೇಳುತ್ತಿತ್ತು.

ಹೇಗೆ ಎಂಬುದು ನುಸೈಬಾಳಿಗೂ ಗೊತ್ತಿರಲಿಲ್ಲ. ಎಂಟು ವರ್ಷದ ಹಿಂದೆ ಯಾರೋ ಖಾಲಿ ಮಾಡಿದ್ದರು. ಆಮೇಲೆ ಯಾರೋ ಬಿದಿರು ತೆಗೆದು, ಪೀಪಾಯಿ ತುಂಬಿಸಿ, ಬಿದಿರನ್ನು ಮೊದಲಿನ ಹಾಗೇ ಕೂರಿಸಿ ಹೋಗಿದ್ದರು. ಎರಡೂ ಒಬ್ಬನ ಕೆಲಸವೋ, ಇಬ್ಬರದೋ?

ಎಲ್ಲರೂ ಪೀಪಾಯಿಯ ಸುತ್ತ ಕುಣಿಯುತ್ತಿದ್ದಾಗ ಅವಳು ಕೆಳಗಿದ್ದ ಬಿದಿರಿನ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಹಸಿರು ಬಟ್ಟೆಯ ಮೇಲೆ, ಅಜ್ಜಿ ಕಟ್ಟದ ನೂಲು ಇತ್ತು. ಮೂರು ಸುತ್ತು. ಎರಡೆಳೆಯನ್ನು ಸೇರಿಸಿ ಮೇಣ ತಿಕ್ಕಿದ್ದು. ಗಂಟು ಹಾಕಿದವರು ತುದಿಯನ್ನು ಒಳಗೆ ಮಡಿಚಿ ಹಿಂದಕ್ಕೆ ಎಳೆದಿದ್ದರು. ಹಾಗೆ ಎಳೆದರೆ ಜಾರುವುದಿಲ್ಲ ಎಂದು ಅವಳಿಗೆ ಕಲಿಸಿದವರು ಒಬ್ಬರೇ, ಉಪ್ಪ. ಅವಳು ಗುಂಡಿ ಹೊಲಿಯುವುದು ಇವತ್ತಿಗೂ ಅದೇ ಗಂಟಿನಲ್ಲಿ. ಕೈ ತಾನಾಗಿ ತುದಿ ಹಿಡಿದು ಎಳೆಯಿತು.

"ರವೂಫ್!" ಮೇದಪ್ಪ ಗೌಡರು ಫೋನಿನ ಸ್ಪೀಕರ್ ಹಾಕಿ ಕೋಣೆ ಅದುರುವ ಹಾಗೆ ಕೂಗುತ್ತಿದ್ದರು. "ನಾನು ಕತ್ತೆ ಮಾರಾಯ! ದೊಡ್ಡ ಕತ್ತೆ! ಮೋಕ್ಷಿತಾಳ ಪೀಪಾಯಿ ತುಂಬಿ ಉಂಟು, ತಳದವರೆಗೆ! ತಪ್ಪಾಯ್ತು, ಈಗಲೇ ಹೊರಟು ಬಾ. ಮಣೆ ತಗೊಂಡು ಬಾ. ಜೀಪು ಕಳಿಸ್ತೇನೆ!"

ಚಪ್ಪರದವರು ಸಿಳ್ಳೆ ಹಾಕಿದರು. ಮೋಕ್ಷಿತಾ, "ರವೂಫ್ ಕಾಕ, ಬೇಗ ಬನ್ನಿ!" ಎಂದಳು. ಮೂರು ದಿನದಿಂದ ನುಸೈಬಾ ಕಾದದ್ದು ಇದೇ ಮಾತಿಗೆ. ಅವಳು ಉಪ್ಪನ ತಮಾಷೆಗಾಗಿ ಕಿವಿಗೊಟ್ಟಳು. ರಜೆ ಮುಗಿಯಿತಾ ಗೌಡ್ರೆ ಎಂದೋ, ಜೀಪಿಗೆ ಹಾರ ಹಾಕಿ ಕಳಿಸಿ ಎಂದೋ.

ತಮಾಷೆ ಬರಲಿಲ್ಲ.

"ಗೌಡ್ರೆ," ಎಂದಿತು ಉಪ್ಪನ ಸ್ವರ. "ಬಿದಿರು ಹೊರಗೆ ತೆಗೆದ್ರಾ?"

"ತೆಗೆದೆವು, ತೆಗೆದೆವು!" ಮೇದಪ್ಪ ಗೌಡರು ನಗುತ್ತಲೇ ಇದ್ದರು.

ಇಷ್ಟು ಜನರಲ್ಲಿ ನುಸೈಬಾ ಒಬ್ಬಳೇ ಉಸಿರು ಹಿಡಿದಳು. ಬಿದಿರಿನ ವಿಷಯ ಈ ಗುಡ್ಡ ಬಿಟ್ಟು ಹೊರಗೆ ಯಾರಿಗೂ ಹೇಳಿರಲಿಲ್ಲ. ಅಂದರೆ ಬಿದಿರು ತೆಗೆದು ಪೀಪಾಯಿ ತುಂಬಿಸಿದವರು ಉಪ್ಪನೇ.

"ನುಸೈಬಾ ಅಲ್ಲಿ ಇದ್ದಾಳಾ?" ಫೋನು ಕೇಳಿತು. "ಅವಳಿಗೆ ಒಂದು ಹೇಳಿ ಗೌಡ್ರೆ. ನಾನು ಬರುವವರೆಗೆ ಆ ನೂಲು ಬಿಚ್ಚುದು ಬೇಡ, ಯಾಕೆ ಅಂತ ನಾನೇ ಬಂದು ಹೇಳ್ತೇನೆ ಅಂತ."

ಅವಳು ಮುಷ್ಟಿ ತೆರೆದು ನೋಡಿದಳು. ಅಂಗೈಯಲ್ಲಿ ನೂಲು ಆಗಲೇ ಬಿಚ್ಚಿಕೊಂಡು ಬಿದ್ದಿತ್ತು.